ಗಡಿಯಾರ ನಿಂತಾಗ ಮಾಡಿದ ಲೆಕ್ಕ

ನನ್ನ ಭಾವ, ಅಂದರೆ ಗಂಡನ ಅಣ್ಣ, ಗಜೇಂದ್ರಗಡದಲ್ಲಿ ಹೆಸರು ಮಾಡಿದ ನೇಕಾರ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮುಂದೆ ಹೋದಂತೆ ಅವರ ಬಗ್ಗೆ ಒಳ್ಳೆಯ ಮಾತು ಬರೆಯುವ ಮನಸ್ಸು ನನಗೆ ಉಳಿಯಲಿಕ್ಕಿಲ್ಲ. ಅವರು ನೇಯ್ದ ಸೀರೆಯ ದಡಿಯನ್ನು ಎರಡೂ ತುದಿಗೆ ಎಳೆದು ಹಿಡಿದು ನೋಡಿದರೂ ಎಲ್ಲಿಯೂ ಸೊಟ್ಟ ಕಾಣುತ್ತಿರಲಿಲ್ಲ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಮಧ್ಯಾಹ್ನದ ತನಕ ಒಂದು ಎಳೆ ಹರಿಯುತ್ತಿರಲಿಲ್ಲ. ಕೈ ಅಂದರೆ ಕೈ. ತಲೆಯ ಮಾತು ಬೇರೆ. ಹದಿನೇಳಕ್ಕೆ ಎಂಟು ಕೂಡಿಸಲು ಹೇಳಿದರೆ ಮಾಳಿಗೆಯ ತೊಲೆ ನೋಡುತ್ತ ಕೂತುಬಿಡುತ್ತಿದ್ದರು.

ಆ ಮನೆಯ ಲೆಕ್ಕದ ತಲೆ ನನ್ನದು. ನಾನು ನರಗುಂದದ ಹೆಣ್ಣು. ನನ್ನ ಅಪ್ಪ ಅಲ್ಲಿ ಊರಿನ ನೇಕಾರರಿಗೆಲ್ಲ ಹಾಸು, ಅಂದರೆ ಮಗ್ಗಕ್ಕೆ ಏರಿಸುವ ಉದ್ದದ ಎಳೆಗಳನ್ನು, ಹೂಡಿ ಕೊಡುತ್ತಿದ್ದ. ಎಷ್ಟು ಎಳೆ ಕೆಂಪು, ಎಷ್ಟು ಎಳೆ ಹಸಿರು, ದಡಿಗೆ ಎಷ್ಟು, ಮೈಗೆ ಎಷ್ಟು ಎಂಬುದೆಲ್ಲ ಅವನ ಬಾಯಲ್ಲೇ ಇರುತ್ತಿತ್ತು. ನನಗೆ ಅಣ್ಣತಮ್ಮಂದಿರು ಇರಲಿಲ್ಲವಾದ್ದರಿಂದ ಆ ವಿದ್ಯೆಯನ್ನು ಹುಣಸೆ ಬೀಜ ಇಟ್ಟು ನನಗೇ ಕಲಿಸಿದ. ನಾಲ್ಕನೇ ಇಯತ್ತೆ ತನಕ ಸಾಲಿಯನ್ನೂ ಓದಿಸಿದ. ಮದುವೆಯಾಗಿ ಗಜೇಂದ್ರಗಡಕ್ಕೆ ಬಂದಾಗ ನನ್ನ ಜೊತೆ ಬಂದದ್ದು ಎರಡು ಸೀರೆ, ಒಂದು ಪಾಟಿ, ಮತ್ತೆ ಆ ಲೆಕ್ಕ.

ನನ್ನ ಗಂಡ ನೂಲಿಗೆ ಬಣ್ಣ ಕಟ್ಟುವವನು, ಮಗ್ಗ ಹತ್ತಿದವನಲ್ಲ. ಮಗ್ಗ ಭಾವನದು. ಸೆರಗಿನಲ್ಲಿ ಹೂವಿನ ಸಾಲು ಹಾಕುವಾಗ, ಗಿಣಿಯ ಸಾಲು ಹಾಕುವಾಗ, ಒಂದೊಂದು ಸಾಲಿಗೂ ಬೇರೆ ಲೆಕ್ಕ ಬೇಕು. ಇಷ್ಟು ಎಳೆಗಳ ಅಗಲದಲ್ಲಿ ಎಷ್ಟು ಗಿಣಿ ಕೂಡುತ್ತವೆ, ಗಿಣಿ ಗಿಣಿಗಳ ನಡುವೆ ಎಷ್ಟು ಬಿಡಬೇಕು, ಕೊನೆಗೆ ಉಳಿದ ಎಳೆಗಳನ್ನು ಎರಡೂ ಬದಿಗೆ ಹ್ಯಾಗೆ ಹಂಚಬೇಕು ಎಂಬುದನ್ನು ಮೊದಲೇ ಕಾಣದೆ ನೇಯ್ದರೆ ಕಟ್ಟಕಡೆಯ ಗಿಣಿಗೆ ತಲೆ ಇರುತ್ತದೆ, ಬಾಲ ಇರುವುದಿಲ್ಲ. ಅಂಥ ಜಾಗ ಬಂದಾಗ ಭಾವ ಲಾಳಿ ಕೆಳಗಿಟ್ಟು, ಕೈ ಕಟ್ಟಿಕೊಂಡು, ಗೋಡೆಯ ಕಡೆ ಮುಖ ಮಾಡಿ ಒಂದೇ ಮಾತು ಕೂಗುತ್ತಿದ್ದರು.

"ಲೆಕ್ಕಾ!"

ನನ್ನ ಹೆಸರು ಹಿಡಿದು ಕೂಗುವ ಹಾಗಿಲ್ಲ, ನಾನು ಅವರ ಎದುರು ಬಾಯಿ ಬಿಡುವ ಹಾಗಿಲ್ಲ. ತಮ್ಮನ ಹೆಂಡತಿ ಭಾವನ ಮುಂದೆ ತಲೆಯ ಮೇಲೆ ಸೆರಗು ಹೊದ್ದು ಸುಮ್ಮನಿರಬೇಕು, ಅದು ನಮ್ಮ ಮನೆತನದ ಪದ್ಧತಿ. ಆದ್ದರಿಂದ ನಾನು ಒಳಗೆ ಅಡಿಗೆ ಮನೆಯಲ್ಲಿ ಪಾಟಿಯ ಮೇಲೆ ಲೆಕ್ಕ ಮಾಡಿ ನೆಗೆಣ್ಣಿಗೆ ಹೇಳಬೇಕು. ನೆಗೆಣ್ಣಿ ಎಂದರೆ ಭಾವನ ಹೆಂಡತಿ, ಮುಶಿಗೇರಿಯವಳು. ಅವಳು ನನ್ನ ಪಕ್ಕದಲ್ಲೇ ಕೂತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು, ದಿನವಿಡೀ ಅದೇ ಕೆಲಸ. ನಾನು ಹೇಳಿದ ಸಂಖ್ಯೆಯನ್ನು ಅವಳು ಗಟ್ಟಿಯಾಗಿ ಗಂಡನಿಗೆ ಒದರುತ್ತಿದ್ದಳು. ಹೊರಗೆ ನಿಂತು ಕೇಳಿದವರಿಗೆ ಗಂಡ ಕೇಳಿದ, ಹೆಂಡತಿ ಹೇಳಿದಳು ಎಂದೇ ಅನ್ನಿಸಬೇಕು. ಮೂರನೆಯವಳೊಬ್ಬಳು ಅಲ್ಲಿ ಕೂತಿದ್ದಾಳೆ ಎಂದು ಯಾರ ಅಪ್ಪನಿಗೆ ಗೊತ್ತು!

ನಮ್ಮ ಊರು ಇನ್ನೂ ಮುಂಬೈ ಸರಕಾರದ ಕೈಯಲ್ಲಿದ್ದ ಕಾಲ ಅದು. ನೇಕಾರರ ಸೊಸೈಟಿ ಹೊಸದಾಗಿ ಆಗಿತ್ತು. ಯಾವ ಸೀರೆಗೆ ಎಷ್ಟು ತಾಸು ಹಿಡಿಯುತ್ತದೆ ಎಂದು ಅಳೆದು ಬರೆಯುವುದಕ್ಕೆ ರೋಣದಿಂದ ಒಬ್ಬ ಅಳತೆಗಾರನನ್ನು ಕಳಿಸಿದರು. ಕನ್ನಡಕದವನು, ಸಣ್ಣ ವಯಸ್ಸು, ಕೆಟ್ಟವನಲ್ಲ. ಅವನ ಕೈಯಲ್ಲಿ ಗುಂಡಿ ಒತ್ತಿದರೆ ಓಡುವ, ಮತ್ತೊಮ್ಮೆ ಒತ್ತಿದರೆ ನಿಲ್ಲುವ ಗಡಿಯಾರವಿತ್ತು. ಅವನಿಗೆ ಕೊಟ್ಟ ನಿಯಮ ಇಷ್ಟೇ. ನೇಕಾರ ಮಗ್ಗದ ಮೇಲೆ ಕೈಯಿಂದ ಮಾಡಲಿ, ತಲೆಯಿಂದ ಮಾಡಲಿ, ಬೆರಳು ಎಣಿಸಿಕೊಂಡು ಕೂಡಲಿ, ಗಡಿಯಾರ ಓಡಬೇಕು. ಆದರೆ ಅವನು ಬೇರೆಯವರಿಂದ ಏನಾದರೂ ಬರಬೇಕು ಎಂದು ಕೂಗಿ ಕೈ ಕಟ್ಟಿ ಕೂತರೆ ಗಡಿಯಾರ ನಿಲ್ಲಿಸಬೇಕು. ಕಂಡಿಕೆ ಬರುವುದು ತಡವಾದರೆ ಅದು ನೇಕಾರನ ತಪ್ಪಲ್ಲವಲ್ಲ, ಅದಕ್ಕೆ.

ಮೊದಲ ದಿನ ಭಾವ "ಲೆಕ್ಕಾ!" ಎಂದು ಕೂಗಿ ಕೈ ಕಟ್ಟಿದರು. ಬಾಗಿಲ ಸಂದಿಯಿಂದ ನಾನು ನೋಡಿದೆ. ಅಳತೆಗಾರ ಟಕ್ಕನೆ ಗುಂಡಿ ಒತ್ತಿದ. ಮುಳ್ಳು ನಿಂತಿತು. ನಾನು ಪಾಟಿ ತೊಡೆಯ ಮೇಲಿಟ್ಟುಕೊಂಡು ಬೆವರು ಸುರಿಸಿ ಭಾಗಿಸಿದೆ, ಗುಣಿಸಿದೆ, ಮತ್ತೊಮ್ಮೆ ತಾಳೆ ನೋಡಿದೆ. ನೆಗೆಣ್ಣಿ ಅಷ್ಟರಲ್ಲಿ ಮೂರು ಕಂಡಿಕೆ ಸುತ್ತಿದಳು. ಆಮೇಲೆ ಅವಳು ಒದರಿದಳು, ಭಾವ ಲಾಳಿ ಎತ್ತಿಕೊಂಡರು, ಮುಳ್ಳು ಮತ್ತೆ ಓಡಿತು. ಆ ಸೀರೆಯ ವೇಳೆಯನ್ನು ಅವನು ಬರೆದಾಗ ನನ್ನ ಅಷ್ಟೂ ಹೊತ್ತು ಎಲ್ಲಿಯೂ ಇರಲಿಲ್ಲ. ಊರಲ್ಲೆಲ್ಲ ಸುದ್ದಿಯೋ ಸುದ್ದಿ: ಇಂಥ ಕಠಿಣ ಸೆರಗನ್ನು ಇಷ್ಟು ಕಡಿಮೆ ತಾಸಿನಲ್ಲಿ ನೇಯುವವನು ಈ ಸೀಮೆಯಲ್ಲಿಯೇ ಇಲ್ಲವಂತೆ! ಇರುವುದಾದರೂ ಹ್ಯಾಗೆ? ಬೇರೆ ನೇಕಾರರು ತಮ್ಮ ಲೆಕ್ಕ ತಾವೇ ಮಾಡಿಕೊಳ್ಳುತ್ತಿದ್ದರು, ಅವರ ಗಡಿಯಾರ ಓಡುತ್ತಿತ್ತು. ಭಾವನ ಲೆಕ್ಕ ನಾನು ಮಾಡುತ್ತಿದ್ದೆ, ಗಡಿಯಾರ ನಿಲ್ಲುತ್ತಿತ್ತು.

ಅದನ್ನೂ ನುಂಗಿಕೊಳ್ಳುತ್ತಿದ್ದೆ. ಆದರೆ ಸೊಸೈಟಿಯಲ್ಲಿ ಇನ್ನೊಂದು ಕಾನೂನು ಇತ್ತು. ಯಾರದೇ ಆಗಲಿ, ಐವತ್ತು ತಾಸಿನ ಸ್ವಂತ ಕೆಲಸವನ್ನು ಅಳತೆಗಾರ ಬರೆದುಕೊಂಡಿದ್ದರೆ ಅವರು ಸದಸ್ಯರಾಗಬಹುದು. ಸದಸ್ಯರಾದವರ ಹೆಸರಿಗೆ ನೂಲು ಬರುತ್ತದೆ, ಸ್ವಂತ ಮಗ್ಗ ಹೂಡಬಹುದು. ಹೆಂಗಸಾದರೂ ಅಡ್ಡಿಯಿಲ್ಲ. ಈ ಮಾತು ಕಿವಿಗೆ ಬಿದ್ದ ದಿನ ನನಗೆ ಊಟ ಸೇರಲಿಲ್ಲ. ನರಗುಂದದಲ್ಲಿ ನನ್ನ ಸೋದರತ್ತೆಯೊಬ್ಬಳು ನಲವತ್ತು ವರ್ಷ ಅಣ್ಣನ ಮನೆಯಲ್ಲಿ ಕಂಡಿಕೆ ಸುತ್ತಿ ಸತ್ತಳು. ಅವಳ ಹೆಣದ ಮುಂದೆ ಕೂತ ಹೆಂಗಸರು ಹಾಡಿಕೊಂಡು ಅಳಬೇಕಲ್ಲ, ಏನು ಹೇಳಿ ಅಳುವುದು ಎಂದು ತಿಳಿಯದೆ ಅವಳ ಒಳ್ಳೆಯ ಗುಣ ಹೇಳಿ ಅತ್ತರು. ಮಾಡಿದ ಕೆಲಸದ ಸುದ್ದಿಯನ್ನೇ ಒಬ್ಬರೂ ಎತ್ತಲಿಲ್ಲ. ನನಗೆ ಹಾಗೆ ಸಾಯುವ ಮನಸ್ಸಿರಲಿಲ್ಲ. ನನ್ನ ಹೆಸರು ಆ ಪುಸ್ತಕದಲ್ಲಿ ಬರಬೇಕು, ನನ್ನ ಮಗ್ಗ ನನಗೆ ಬೇಕು, ಇಷ್ಟೇ ಆಸೆ.

ಗಂಡನಿಗೆ ಹೇಳಿದೆ. ಅವನು ಪಾಪದ ಮನುಷ್ಯ, ಎರಡು ದಿನ ಬಣ್ಣದ ಹಂಡೆಯ ಸುತ್ತ ತಿರುಗಾಡಿ ಕೊನೆಗೆ ಅಳತೆಗಾರನ ಕಿವಿಯಲ್ಲಿ ಉಸುರಿದ. "ಲೆಕ್ಕಾ ಮಾಡೂದು ನಮ್ಮಾಕೀರಿ. ಆಕೀ ವ್ಯಾಳೇನೂ ಬರಕೋರಿ." ಅಳತೆಗಾರ ನಕ್ಕು, ನಿಯಮದಂತೆ ನೇಕಾರನನ್ನೇ ಕೇಳಬೇಕು ಎಂದು ಭಾವನ ಕಡೆ ತಿರುಗಿದ.

"ಈ ಲೆಕ್ಕಾ ಯಾರು ಮಾಡ್ತಾರ್ರಿ?"

ನಾನು ಬಾಗಿಲ ಹಿಂದೆ ಉಸಿರು ಹಿಡಿದು ನಿಂತಿದ್ದೆ. ಭಾವ ಲಾಳಿಯ ತುದಿಯನ್ನು ಹೆಬ್ಬೆರಳಿನಿಂದ ಒರೆಸುತ್ತ ಹೇಳಿದರು: "ಯಾರೂ ಇಲ್ರಿ. ಎಲ್ಲಾ ನನ್ನ ತಲಿಯಾಗ ಇರ್ತದ. ಒಳಗ ಹೆಂಗಸರು ಏನರೆ ಮಾತಾಡ್ತಿರ್ತಾರ, ಅದನ್ನೆಲ್ಲಾ ಏನ್ ಕೇಳ್ತೀರಿ?"

"ಮತ್ತ ಕೂಗತೀರಲ್ರಿ?"

"ಕಂಡಿಕಿಗೆ ಕೂಗತೀನ್ರಿ."

ನನ್ನ ಮೈಯೆಲ್ಲ ಉರಿದುಹೋಯಿತು. ಯಾರೂ ಇಲ್ಲವಂತೆ! ಹೆಂಗಸರ ಮಾತಂತೆ! ಹಲ್ಲು ಕಚ್ಚಿಕೊಂಡು ಒಳಗೆ ಬಂದು ರೊಟ್ಟಿಗೆ ಹಿಟ್ಟು ನಾದಿದೆ. ಆ ದಿನದ ರೊಟ್ಟಿಯನ್ನು ಎಲ್ಲರೂ ಭಾಳ ಮೆತ್ತಗಾಗಿದೆ ಎಂದು ಹೊಗಳಿ ತಿಂದರು. ಇವರ ಮುಖದ ನೀರು ಇಳಿಸದಿದ್ದರೆ ನಾನು ನರಗುಂದದವಳೇ ಅಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಒಂದು ಮಾತು ಅವರಿಗೆ ಗೊತ್ತಿರಲಿಲ್ಲ. ಮುಳ್ಳು ನಿಂತ ಮೊದಲ ದಿನದಿಂದಲೇ ನಾನು ನನ್ನ ವೇಳೆಯನ್ನು ನಾನೇ ಅಳೆಯುತ್ತಿದ್ದೆ. ನನ್ನ ಬಳಿ ಗಡಿಯಾರ ಇರಲಿಲ್ಲ, ನೆಗೆಣ್ಣಿ ಇದ್ದಳು. ಅವಳು ಕಂಡಿಕೆ ಸುತ್ತುವ ಕೈ ಎಂಥದೆಂದರೆ ಮಳೆ ಬರಲಿ, ಮಗು ಅಳಲಿ, ಒಂದು ಕಂಡಿಕೆಗೂ ಇನ್ನೊಂದಕ್ಕೂ ಒಂದು ಕ್ಷಣದ ಹೆಚ್ಚು ಕಡಿಮೆ ಆಗುತ್ತಿರಲಿಲ್ಲ. ನಾನು ಒಂದು ಲೆಕ್ಕ ಮುಗಿಸುವಷ್ಟರಲ್ಲಿ ಅವಳು ಎಷ್ಟು ಕಂಡಿಕೆ ಸುತ್ತುತ್ತಾಳೋ ಅಷ್ಟು ಗಂಟುಗಳನ್ನು ಒಂದು ದಾರಕ್ಕೆ ಹಾಕುತ್ತಿದ್ದೆ. ಭಾವ ಕರೆದದ್ದಕ್ಕೆ ಮಾತ್ರ, ನನ್ನ ಅಡಿಗೆ ಕಸಬರಿಗೆಯದು ಅದರಲ್ಲಿ ಸೇರಿಸುತ್ತಿರಲಿಲ್ಲ. ಮೋಸ ಮಾಡುವುದಿದ್ದರೆ ಭಾವನಿಗೆ ಮಾಡಬೇಕು, ಲೆಕ್ಕಕ್ಕೆ ಮಾಡಬಾರದು. ದಾರವನ್ನು ಜೋಳದ ಗಡಿಗೆಯಲ್ಲಿ ಬಚ್ಚಿಡುತ್ತಿದ್ದೆ. ವರ್ಷ ಮುಗಿಯುವ ಹೊತ್ತಿಗೆ ಅದು ದೊಡ್ಡ ಉಂಡೆಯಾಯಿತು.

ಆ ವರ್ಷದ ಸುಗ್ಗಿ ಮುಗಿದ ಮೇಲೆ ರೋಣದ ಕಚೇರಿಯ ಅಂಗಳದಲ್ಲಿ ಒಂದು ಪಂದ್ಯ ಏರ್ಪಟ್ಟಿತು. ಸೊಸೈಟಿಗೆ ಒಂದು ಹೊಸ ಮಾದರಿಯ ಮಗ್ಗ ಬಂದಿತ್ತು, ಸುತ್ತಿನ ಸೀಮೆಗೆಲ್ಲ ಒಂದೇ. ಕಡಿಮೆ ವೇಳೆಯಲ್ಲಿ ಮೂರು ಸಾಲಿನ ಸೆರಗು ನೇಯ್ದವನಿಗೆ ಆ ಮಗ್ಗ ಮತ್ತು ಬೇರೆಯವರಿಗೆ ಕಲಿಸುವ ಕೆಲಸ. ಕೊನೆಗೆ ಇಬ್ಬರು ಉಳಿದರು. ಒಬ್ಬರು ನಮ್ಮ ಭಾವ, ಇನ್ನೊಬ್ಬರು ನರಗುಂದದ ಒಬ್ಬ ಮುದುಕ ನೇಕಾರ. ಮುದುಕ ತನ್ನ ಲೆಕ್ಕವನ್ನು ತಾನೇ, ತುಟಿ ಅಲ್ಲಾಡಿಸುತ್ತ, ಎಳೆಗಳ ಮೇಲೆ ಬೆರಳಿಟ್ಟು ಮಾಡುವವನು. ನಿಧಾನದವನು. ಎಲ್ಲರೂ ಮಗ್ಗ ಗಜೇಂದ್ರಗಡಕ್ಕೇ ಹೋಗುತ್ತದೆ ಎಂದು ಮಾತಾಡಿಕೊಂಡಿದ್ದರು.

ಭಾವ ನನ್ನನ್ನೂ ನೆಗೆಣ್ಣಿಯನ್ನೂ ಚಕ್ಕಡಿಯಲ್ಲಿ ರೋಣಕ್ಕೆ ಕರೆದುಕೊಂಡು ಹೋದರು. ಅಡಿಗೆ ಮಾಡುವುದಕ್ಕೆ ಎಂದು ಊರವರಿಗೆ ಹೇಳಿದರು. ಅಂಗಳದ ಒಂದು ಮೂಲೆಗೆ ಜಮಖಾನೆ ಕಟ್ಟಿ ಮರೆ ಮಾಡಿ ನಮ್ಮಿಬ್ಬರನ್ನೂ ಅದರ ಹಿಂದೆ ಕೂರಿಸಿದರು. ಮರೆಯಿಂದ ಮಗ್ಗಕ್ಕೆ ಹತ್ತು ಹೆಜ್ಜೆ, ಕೂಗಿದರೆ ಕೇಳುವಷ್ಟು ದೂರ. ನಾನು ಪಾಟಿಯನ್ನೂ ದಾರದ ಉಂಡೆಯನ್ನೂ ಕಾಯಿಪಲ್ಲೆಯ ಬುಟ್ಟಿಯಲ್ಲಿ ಇಟ್ಟುಕೊಂಡು ಹೋಗಿದ್ದೆ.

ಬೆಳಿಗ್ಗೆ ಎರಡೂ ಮಗ್ಗ ಶುರುವಾದವು. ಅಳತೆಗಾರ ಎರಡೂ ಕೈಯಲ್ಲಿ ಒಂದೊಂದು ಗಡಿಯಾರ ಹಿಡಿದು ನಡುವೆ ನಿಂತಿದ್ದ. ಮೊದಲ ಸಾಲು ಹೂವಿನದು, ಭಾವನಿಗೆ ಬಾಯಿಪಾಠ. ಒಂದು ತಾಸು ಹತ್ತು ನಿಮಿಷದಲ್ಲಿ ಮುಗಿಸಿದರು. ಮುದುಕ ಇನ್ನೂ ಅರ್ಧ ಸಾಲಿನಲ್ಲಿ ತುಟಿ ಅಲ್ಲಾಡಿಸುತ್ತಿದ್ದ. ಎರಡನೆಯ ಸಾಲು ಆನೆಯದು. ಹಿಂದೆ ಯಾರೂ ಹಾಕಿರದ ನಮೂನೆ, ಅಲ್ಲಿಯೇ ಬರೆದು ಕೊಟ್ಟದ್ದು. ಸೆರಗಿನ ಬಯಲಿಗೆ ಸಾವಿರದ ನಾನೂರು ಎಳೆ, ಒಂದು ಆನೆಗೆ ನಲವತ್ತಾರು, ಎರಡು ಆನೆಗಳ ನಡುವೆ ಹದಿನೆಂಟು ಎಂದು ಅಳತೆಗಾರ ಗಟ್ಟಿಯಾಗಿ ಓದಿದ. ಭಾವ ಲಾಳಿ ಕೆಳಗಿಟ್ಟರು, ಕೈ ಕಟ್ಟಿದರು.

"ಲೆಕ್ಕಾ!"

ಟಕ್ಕನೆ ಗುಂಡಿ ಒತ್ತಿದ ಸಪ್ಪಳ. ಆ ಲೆಕ್ಕ ನನಗೆ ಕೇಳಿದಾಗಲೇ ಬಗೆಹರಿದಿತ್ತು. ನಾನು ಬದನೆಕಾಯಿ ಹೆಚ್ಚುತ್ತ ಕೂತೆ.

ನೆಗೆಣ್ಣಿ ಪಾಟಿ ಮುಂದೆ ತಳ್ಳಿದಳು. ನಾನು ಅದನ್ನು ಹಿಂದೆ ತಳ್ಳಿದೆ. ಅವಳು ನನ್ನ ತೊಡೆ ಚಿವುಟಿದಳು. "ಲಗೂ ಹೇಳ, ಕಾಯಾಕತ್ತಾರ."

"ಯಾರನ್ನ ಕಾಯಾಕತ್ತಾರ? ಯಾರೂ ಇಲ್ಲಂದಾರಲ್ಲ."

"ಯವ್ವಾ, ಇಟಗಿ ಭೀಮವ್ವನ ಆಣಿ, ನಿನ್ನ ಕಾಲ್ಬೀಳ್ತೀನಿ, ಹೇಳ."

ಹೇಳಲಿಲ್ಲ. ಬದನೆಕಾಯಿ ಮುಗಿಯಿತು, ಉಳ್ಳಾಗಡ್ಡಿ ಹೆಚ್ಚಿದೆ. ಹೊರಗೆ ಭಾವ ಮತ್ತೊಮ್ಮೆ, ಇನ್ನೊಮ್ಮೆ ಕೂಗಿದರು. ಮೂರನೆಯ ಸಲಕ್ಕೆ ದನಿ ಸ್ವಲ್ಪ ಬಿರುಕು ಬಿಟ್ಟಿತ್ತು. ಜಮಖಾನೆಯ ತೂತಿನಿಂದ ನೋಡಿದೆ. ಕಟ್ಟಿದ ಕೈ ಕಟ್ಟಿದಂತೆಯೇ ಇತ್ತು, ಕಿವಿ ಮಾತ್ರ ನಮ್ಮ ಕಡೆಗೆ. ನನಗೆ ಎಷ್ಟು ಹಿತವಾಯಿತು ಎಂದು ಹೇಳಲಾರೆ. ಬಿಸಿಲು ಅಂಗಳದ ನಡುವಿಗೆ ಬಂತು. ಅವರ ಗಡಿಯಾರದ ಮುಳ್ಳು ಒಂದು ತಾಸು ಹತ್ತು ನಿಮಿಷದ ಮೇಲೆಯೇ ನಿಂತಿತ್ತು.

ಊಟದ ಹೊತ್ತಿಗೆ ಜಿಲ್ಲೆಯಿಂದ ದೊಡ್ಡ ಸಾಹೇಬರು ಬಂದರು. ಒಂದು ಮಗ್ಗದಲ್ಲಿ ಮುದುಕ ಆನೆಯ ಸಾಲು ನೇಯುತ್ತಿದ್ದ, ಇನ್ನೊಂದರಲ್ಲಿ ಭಾವ ಸುಮ್ಮನೆ ಕೂತಿದ್ದರು. ಸಾಹೇಬರು ಕೇಳಿದರು: "ಇವರು ಯಾಕ ಕುಂತಾರ? ಸೋತರೇನು?"

"ಇಲ್ರಿ ಸಾಹೇಬ್ರ," ಅಂದ ಅಳತೆಗಾರ. "ಇವ್ರೇ ಮುಂದ ಅದಾರ್ರಿ. ಮುದುಕಪ್ಪಂದು ನಾಕು ತಾಸು ಆತು. ಇವ್ರದು ಇನ್ನೂ ಒಂದು ತಾಸು ಹತ್ತು ನಿಮಿಷ."

"ಆವಾಗಿಂದ ಕುಂತೇ ಅದಾರಲ್ಲೋ!"

"ಕರದು ಕುಂತಾರ್ರಿ. ಕರದು ಕುಂತ್ರ ಗಡಿಯಾರ ನಿಲ್ಲಿಸ್ಬೇಕಂತ ನಿಯಮ ಐತ್ರಿ."

"ಹಂಗಾದ್ರ ನಾಳಿ ಸಂಜಿ ತನಕ ಕುಂತ್ರೂ ಒಂದು ತಾಸು ಹತ್ತು ನಿಮಿಷನ?"

ಜನ ಗೊಳ್ಳೆಂದು ನಕ್ಕರು. ಅಳತೆಗಾರ ಕನ್ನಡಕ ಒರೆಸಿಕೊಂಡ. ಸಾಹೇಬರು ನಗಲಿಲ್ಲ. ಭಾವನ ಹತ್ತಿರ ಹೋಗಿ ಕೇಳಿದರು: "ಯಾರನ್ನ ಕರದೀರಿ? ಯಾರಿಗಾಗಿ ಕಾಯಾಕತ್ತೀರಿ?"

ಈಗ ನೋಡಿ. ತಮ್ಮನ ಹೆಂಡತಿಯನ್ನು ಕರೆದಿದ್ದೇನೆ ಎಂದು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಗಡಿಯಾರ ನಿಂತೇ ಇರುತ್ತಿತ್ತು, ನಾನು ಸಂಖ್ಯೆ ಹೇಳುತ್ತಿದ್ದೆ, ಮಗ್ಗ ನಮ್ಮ ಮನೆಗೆ ಬರುತ್ತಿತ್ತು. ಆದರೆ ನನ್ನ ವೇಳೆ ಪುಸ್ತಕಕ್ಕೆ ಏರುತ್ತಿತ್ತು, ಈ ನೇಕಾರನ ತಲೆ ಅಡಿಗೆ ಮನೆಯಲ್ಲಿದೆ ಎಂದು ತಾಲೂಕಿಗೆಲ್ಲ ತಿಳಿಯುತ್ತಿತ್ತು. ಕಂಡಿಕೆಗೆ ಕರೆದೆ ಎನ್ನೋಣವೆಂದರೆ ಸುತ್ತಿದ ಕಂಡಿಕೆಗಳ ಬುಟ್ಟಿ ಪಕ್ಕದಲ್ಲೇ ತುಂಬಿಕೊಂಡಿತ್ತು. ಭಾವ ತಲೆ ಕೆಳಗೆ ಹಾಕಿದರು.

"ಯಾರನ್ನೂ ಇಲ್ರಿ."

"ಯಾರನ್ನೂ ಇಲ್ಲಂದ್ರ ಗಡಿಯಾರ ಬಿಡಪಾ," ಅಂದರು ಸಾಹೇಬರು.

ಟಕ್ ಅಂತು. ಮುಳ್ಳು ಓಡಿತು. ನೆಗೆಣ್ಣಿ ಬಾಯಿಗೆ ಸೆರಗು ಹಚ್ಚಿ ಅಳಹತ್ತಿದಳು. ನಾನು ತೂತಿನಿಂದ ಕಣ್ಣು ತೆಗೆಯಲಿಲ್ಲ. ಭಾವ ಬೆರಳು ಎಣಿಸಿದರು, ಎಳೆ ಎಣಿಸಿದರು, ಇಪ್ಪತ್ತು ಆನೆ ಎಂದುಕೊಂಡು ಶುರು ಮಾಡಿ, ತಡೆದು, ಬಿಚ್ಚಿ, ಇಪ್ಪತ್ಮೂರು ಎಂದುಕೊಂಡು ಮತ್ತೆ ಶುರು ಮಾಡಿದರು. ಆ ಚಂದದ ಕೈ ಎಳೆಗಳ ಮೇಲೆ ತಡಕಾಡುವುದನ್ನು ಎಲ್ಲರೂ ನೋಡಿದರು. ಒಂದು ಮಾತಿನಿಂದ ನಾನು ಅವರನ್ನು ಉಳಿಸಬಹುದಿತ್ತು. ನೆಗೆಣ್ಣಿ ನನ್ನ ಕಾಲು ಹಿಡಿದಿದ್ದಳು, ಖರೇನೇ ಹಿಡಿದಿದ್ದಳು. ಬಾಗಿಲ ಹಿಂದೆ ನಿಂತು ಕೇಳಿದ ಮಾತು ನನ್ನ ಕಿವಿಯಲ್ಲಿತ್ತು. ಕೂತೇ ಇದ್ದೆ. ಸಂಜೆಯ ಮುಂದೆ ಮುದುಕ ತನ್ನ ಮೂರನೆಯ ಸಾಲಿನ ಕೊನೆಯ ಎಳೆ ಹೊಡೆದು, ಲಾಳಿಗೆ ನಮಸ್ಕಾರ ಮಾಡಿ ಎದ್ದ. ಜನ ಕೈ ತಟ್ಟಿದರು. ಆಗ ನಾನು ಸೀರೆ ಕೊಡವಿಕೊಂಡು ಎದ್ದೆ.

ಜಮಖಾನೆ ಸರಿಸಿ ಹೊರಗೆ ಬಂದೆ. ಭಾವನ ಮುಂದೆ, ಹತ್ತು ಊರಿನ ಗಂಡಸರ ಮುಂದೆ, ತಲೆಯ ಮೇಲಿನ ಸೆರಗು ಹಿಂದೆ ಹಾಕಿ ಮಾತಾಡಿದೆ.

"ಇಪ್ಪತ್ತೆರಡು ಆನಿ ಕೂಡ್ತಾವ್ರಿ. ಹತ್ತು ಎಳಿ ಉಳಿತಾವ. ಆ ಕಡೆ ಐದು, ಈ ಕಡೆ ಐದು."

ಸಾಹೇಬರು ಕಾಗದ ತೆಗೆದು ಲೆಕ್ಕ ಮಾಡಿದರು. ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನನ್ನ ಮುಖ ನೋಡಿದರು. "ಬರೋಬರಿ ಐತಿ. ಯಾರವ್ವಾ ನೀನು?"

"ಅವ್ರು ಕರದಿದ್ದು ನನ್ನರಿ. ಒಂದು ವರ್ಷದಿಂದ ನನ್ನಽ ಕರ್ಯಾಕತ್ತಾರ್ರಿ."

"ಮುಂಜಾನಿಯಿಂದ ಇಲ್ಲೇ ಇದ್ದಿ, ಯಾಕ ಹೇಳಲಿಲ್ಲ?"

"ಗಡಿಯಾರ ನಿಂತಿತ್ತಲ್ರಿ. ಗಡಿಯಾರ ನಿಂತಾಗ ನಾ ಇರೂದಽ ಇಲ್ರಿ, ಬೇಕಾದ್ರ ಪುಸ್ತಕ ನೋಡ್ರಿ."

ಸಾಹೇಬರು ಭಾವನ ಕಡೆ ತಿರುಗಿ ಖರೇ ಏನು ಎಂದು ಕೇಳಿದರು. ಭಾವ ಮಗ್ಗದ ಮೇಲಿನ ಅರ್ಧ ಆನೆಯನ್ನು ನೋಡುತ್ತ "ಹೌದ್ರಿ" ಅಂದರು. ಆ ಎರಡಕ್ಷರಕ್ಕೆ ಒಂದು ವರ್ಷ ಹಿಡಿದಿತ್ತು. ನಾನು ದಾರದ ಉಂಡೆ ತಂದು ಸಾಹೇಬರ ಮೇಜಿನ ಮೇಲೆ ಇಟ್ಟೆ. ಒಂದು ಗಂಟಿಗೆ ಒಂದು ಕಂಡಿಕೆ, ಎಂಟುನೂರ ಹನ್ನೆರಡು ಗಂಟು ಎಂದೆ. ಸಾಹೇಬರು ಅರ್ಥವಾಗದೆ ನಕ್ಕರು, ಆಮೇಲೆ ಅರ್ಥವಾಗಿ ನಗುವುದನ್ನು ಬಿಟ್ಟರು. ನೆಗೆಣ್ಣಿಯನ್ನು ಹೊರಗೆ ಕರೆಸಿ, ರಾಟೆ ತರಿಸಿ, ಕಂಡಿಕೆ ಸುತ್ತಲು ಹೇಳಿ ಗಡಿಯಾರ ಹಿಡಿಸಿದರು. ಅವಳು ಮೂಗು ಸೊರಸೊರ ಎಳೆಯುತ್ತ, ಕಣ್ಣೀರು ಸುರಿಸುತ್ತ ಸುತ್ತಿದಳು. ನಾಲ್ಕು ನಿಮಿಷ. ಇನ್ನೊಂದು ಸುತ್ತಿಸಿದರು. ನಾಲ್ಕು ನಿಮಿಷ.

"ಒಟ್ಟು ಎಷ್ಟಾತು ಹೇಳ ನೋಡೋಣು," ಅಂದರು ನನಗೆ.

"ಐವತ್ನಾಕು ತಾಸು, ಮ್ಯಾಲ ಎಂಟು ನಿಮಿಷ್ರಿ. ಐವತ್ತು ಸಾಕಲ್ರಿ? ನಾಕು ತಾಸು ಎಂಟು ನಿಮಿಷ ಸರಕಾರಕ್ಕ ಬಿಟ್ಟೆ."

ಈ ಸಲ ಸಾಹೇಬರು ಮನಸ್ಸು ಬಿಚ್ಚಿ ನಕ್ಕರು. ಪುಸ್ತಕದಲ್ಲಿ ನನ್ನ ಹೆಸರು ಬರೆಸಿದರು. ನಿಯಮವನ್ನೂ ಅಲ್ಲಿಯೇ ತಿದ್ದಿಸಿದರು. ಇನ್ನು ಮೇಲೆ ಗಡಿಯಾರ ನಿಲ್ಲಿಸುವ ಹಾಗಿಲ್ಲ. ನೇಕಾರ ಯಾರನ್ನು ಕರೆದ, ಯಾರು ಕಲಿಸಿದರು, ಯಾರು ಲೆಕ್ಕ ಮಾಡಿ ಕೊಟ್ಟರು, ಅವರ ಹೆಸರು ಮತ್ತು ಅವರ ವೇಳೆ ಪುಟದ ಪಕ್ಕದ ಮನೆಯಲ್ಲಿ, ಅಂದರೆ ಅಂಕಣದಲ್ಲಿ, ಬೇರೆಯಾಗಿ ಬರೆಯಬೇಕು. ಅಳತೆಗಾರ ಪುಸ್ತಕದ ತುಂಬ ಕೆಂಪು ಮಸಿಯಿಂದ ಹೊಸ ಗೆರೆ ಎಳೆದ. ಕಂಡಿಕೆ ಸುತ್ತಿದ ನೆಗೆಣ್ಣಿಯ ವೇಳೆಯನ್ನು ಬರೆಯುವ ಮಾತು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ, ಸುಳ್ಳು ಯಾಕೆ ಹೇಳಲಿ. ಹೊಸ ಮಗ್ಗ ನರಗುಂದಕ್ಕೆ ಹೋಯಿತು.

ಚಕ್ಕಡಿ ವಾಪಸು ಮನೆಗೆ ಬಂದಾಗ ಗಂಡ ನನ್ನ ಮುಖ ನೋಡಿ, ಅಣ್ಣನ ಮುಖ ನೋಡಿ, ಬಣ್ಣದ ಹಂಡೆಯ ಕಡೆ ಹೋದ. ಆ ದಿನದಿಂದ ಭಾವ "ಲೆಕ್ಕಾ!" ಎಂದು ಕೂಗಲಿಲ್ಲ. ಗಿಣಿ ಇಲ್ಲ, ಹೂವು ಇಲ್ಲ, ಬರೀ ಬೋಳು ಸೀರೆ ನೇಯ್ದರು. ಅಂಥ ಕೈಗೆ ಅದು ಶಿಕ್ಷೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಸಮಾಧಾನಪಟ್ಟೆ.

ನನ್ನ ಮಗ್ಗಕ್ಕೆ ಕುಣಿ ತೋಡಿಸಿದೆ. ಬೆಳಕು ಬರುವ ಕೋಣೆ ಒಂದೇ ಆದ್ದರಿಂದ ಅವರ ಕುಣಿಯ ಪಕ್ಕದಲ್ಲೇ, ನಡುವೆ ಒಂದು ಚಾಪೆ ಇಳಿಬಿಟ್ಟು. ನನ್ನ ಹೆಸರಿನ ನೂಲು ಬಂತು. ಕೂತು ಲಾಳಿ ಎಸೆದೆ ನೋಡಿ, ಆಗ ತಿಳಿಯಿತು ನನ್ನ ಪಾಡು. ಲೆಕ್ಕವೆಲ್ಲ ತಲೆಯಲ್ಲಿತ್ತು, ಕೈಯಲ್ಲಿ ಏನೂ ಇರಲಿಲ್ಲ. ಎಳೆ ಹರಿಯುತ್ತಿತ್ತು. ದಡಿ ಒಂದು ಕಡೆ ಒಳಗೆ, ಇನ್ನೊಂದು ಕಡೆ ಹೊರಗೆ. ಮೊದಲ ಸೀರೆ ಹಾವು ಹರಿದಾಡಿದ ಹಾಗೆ ಬಂತು. ಸೊಸೈಟಿಯವರು ಅದನ್ನು ತೆಗೆದುಕೊಳ್ಳಲಿಲ್ಲ. ಆ ಸೀರೆಯನ್ನು ನಾನೇ ಉಟ್ಟೆ, ಭಾವನ ಕಣ್ಣ ಮುಂದೆಯೇ ಬೇಕಂತಲೇ ಓಡಾಡಿದೆ. ಸೊಟ್ಟ ದಡಿ ನೋಡಿದರೆ ಅವರಿಗೆ ಹಲ್ಲುನೋವು ಬಂದ ಹಾಗಾಗುತ್ತಿತ್ತು. ಊಟಕ್ಕೆ ಕೂತಾಗ ಕಣ್ಣು ಗೋಡೆಗೆ ನೆಟ್ಟುಬಿಡುತ್ತಿದ್ದರು.

ಎರಡು ತಿಂಗಳು ಚಾಪೆಯ ಆಚೆಯಿಂದ ನನ್ನ ಮಗ್ಗದ ಕೆಟ್ಟ ಸಪ್ಪಳ ಕೇಳುತ್ತ ಕೂತಿದ್ದ ಆ ಮನುಷ್ಯ ಒಂದು ದಿನ ಮಧ್ಯಾಹ್ನ ಹೆಂಡತಿಗೆ ಹೇಳಿದರು, ನನಗೆ ಕೇಳುವ ಹಾಗೆ.

"ಎಡಗೈ ಸಡಲ ಬಿಡಾಕತ್ತಾಳ. ಲಾಳಿ ಹಿಡಿಯೂವಾಗ ಕಿರಿಬೆರಳಿಂದ ನೂಲು ಒತ್ತಿ ಹಿಡಿ ಅಂತ ಹೇಳ ಆಕೀಗೆ. ದಡಿ ತಾನಽ ಕೂಡತೈತಿ."

ನೆಗೆಣ್ಣಿ ಚಾಪೆ ಸರಿಸಿ ಅದೇ ಮಾತನ್ನು ಅಕ್ಷರ ಬಿಡದೆ ಒಪ್ಪಿಸಿದಳು. ಕೇಳಿದ ಕೂಡಲೇ ನನಗೆ ಗೊತ್ತಾಯಿತು, ಅದೇ ಖರೆ. ಕಿರಿಬೆರಳು ತಾನಾಗಿ ಮಡಚಿಕೊಂಡಿತು. ಬಲವಂತದಿಂದ ಬಿಚ್ಚಿದೆ. ಇವರು ಕಲಿಸಿ ನಾನು ಕಲಿಯಬೇಕೆ? ಅದರ ಮುಂದಿನ ಎರಡು ಸೀರೆಗಳನ್ನು ಎಡಗೈ ಸಡಿಲ ಬಿಟ್ಟೇ ನೇಯ್ದೆ, ಗೊತ್ತಿದ್ದೂ ಗೊತ್ತಿದ್ದೂ. ಎರಡೂ ಸೊಟ್ಟ. ಇನ್ನೊಂದು ಸೀರೆ ಹೀಗೆ ಬಂದರೆ ಹೆಸರು ಹೊಡೆದು ಹಾಕುತ್ತೇವೆ ಎಂದು ಸೊಸೈಟಿಯಿಂದ ಹೇಳಿಕೆ ಬಂತು.

ಹೆಸರು! ಅದೊಂದಕ್ಕಾಗಿ ಏನೆಲ್ಲ ಮಾಡಿದ್ದೆ. ಮರುದಿನ ಕಿರಿಬೆರಳು ಮಡಚಿದೆ. ದಡಿ ನೂಲು ಹಿಡಿದ ಹಾಗೆ ನೆಟ್ಟಗೆ ಕೂತುಕೊಂಡು ಬಂತು. ಚಾಪೆಯ ಆಚೆ ಭಾವನ ಮಗ್ಗ ಸ್ವಲ್ಪ ಹೊತ್ತು ನಿಂತಿತು. ಸಪ್ಪಳದಿಂದಲೇ ಅವರಿಗೆ ತಿಳಿದಿತ್ತು.

ಸೀರೆ ಮುಗಿಸಿ ಸೊಸೈಟಿಗೆ ಒಯ್ದೆ. ಅಳತೆಗಾರ ಅಲ್ಲಿ ಪುಸ್ತಕದೊಂದಿಗೆ ಕೂತಿದ್ದ. ಸರದಿಯಲ್ಲಿ ನನ್ನ ಹಿಂದೆ ಬೋಳು ಸೀರೆಗಳನ್ನು ಹೆಗಲ ಮೇಲೆ ಹಾಕಿಕೊಂಡು ಭಾವ ನಿಂತಿದ್ದರು. ಅಳತೆಗಾರ ನನ್ನ ಸೀರೆಯ ದಡಿಯನ್ನು ಎಳೆದು ಹಿಡಿದು ನೋಡಿದ. ಮತ್ತೆ ನೋಡಿದ.

"ಭಾಳ ಚಲೋ ಆಗೇದಲ್ರಿ ಬಾಯಾರ! ಒಮ್ಮಿಂದೊಮ್ಮೆಲೆ ಹ್ಯಾಂಗ ಸುಧಾರಿಸ್ತು?" ಎಂದು ಲೇಖಣಿಯನ್ನು ಮಸಿಯಲ್ಲಿ ಅದ್ದಿ, ಕೆಂಪು ಗೆರೆಯ ಆಚೆಯ ಮನೆಯ ಮೇಲೆ ಇಟ್ಟ. "ಯಾರರೆ ಹೇಳಿಕೊಟ್ರೇನ್ರಿ? ಹೆಸರು ಹೇಳ್ರಿ, ಅವರ ವ್ಯಾಳೇನೂ ಬರೀತೀನಿ."

ಭಾವ ನನ್ನ ಬೆನ್ನಿಗೆ ಉಸಿರು ತಾಗುವಷ್ಟು ಹತ್ತಿರವಿದ್ದರು. ಅವರು ಉಸಿರು ಹಿಡಿದದ್ದು ನನಗೆ ಗೊತ್ತಾಯಿತು.

"ಯಾರೂ ಇಲ್ರಿ," ಅಂದೆ.

ಅಳತೆಗಾರ ಆ ಮನೆಯಲ್ಲಿ ಸೊನ್ನೆ ಬರೆದ.